ಥೈರಾಯ್ಡ್ ಕ್ಯಾನ್ಸರ್: ಪೆಥಾಲಜಿ ವರದಿಯನ್ನು ಅರಿಯುವ ಬಗೆ

ಆಸ್ಪತ್ರೆಯಿಂದ ಮನೆಗೆ ಬರುವ ಕಾಗದಗಳಲ್ಲಿ ಮನೆಯವರ ಎದೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಡುಗಿಸುವುದು ಪೆಥಾಲಜಿ ವರದಿ. ರಕ್ತಪರೀಕ್ಷೆಯ ಚೀಟಿಯಲ್ಲಿ ಅಂಕಿಗಳಿರುತ್ತವೆ. ಅವುಗಳ ಪಕ್ಕದಲ್ಲಿಯೇ ಸಹಜ ಪ್ರಮಾಣ ಎಷ್ಟೆಂಬುದೂ ಅಚ್ಚಾಗಿರುತ್ತದೆ. ಹೆಚ್ಚೇ ಕಡಿಮೆಯೇ ಎಂಬುದನ್ನು ಸಾಮಾನ್ಯರೂ ತಿಳಿಯಬಲ್ಲರು. ಪೆಥಾಲಜಿ ವರದಿಯಲ್ಲಾದರೋ ಇರುವುದು ಮಾತು. ಅದೂ ಇಂಗ್ಲಿಷಿನಲ್ಲಿ, ಲ್ಯಾಟಿನ್ ಗ್ರೀಕ್ ಮೂಲದ ಕಠಿಣ ಪದಗಳಲ್ಲಿ ಬರೆದ ಮಾತು. ಅದರ ನಡುವೆ 'ಕಾರ್ಸಿನೋಮಾ' ಎಂಬ ಒಂದು ಪದ ಕಣ್ಣಿಗೆ ಬಿದ್ದರೆ ಸಾಕು, ಉಳಿದ ಎರಡು ಪುಟಗಳು ಕತ್ತಲೆಯಾಗಿಬಿಡುತ್ತವೆ. ಆದರೆ ರೋಗಿಯ ಭವಿಷ್ಯದ ಬಗ್ಗೆ ನಿಜವಾದ ಮಾಹಿತಿ ಇರುವುದು ಆ ಒಂದು ಪದದಲ್ಲಲ್ಲ, ಉಳಿದ ಎರಡು ಪುಟಗಳಲ್ಲಿ.

ಧಾರವಾಡದ ಕಡೆಯಿಂದ ಬಂದು ಪುಣೆಯ ಕೊಥ್ರೂಡಿನಲ್ಲಿ ನೆಲೆಸಿದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೇ ಒಂದು ಮನೆಯ ಕಥೆಯಲ್ಲ. ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಸಂಗತಿ. ಯಜಮಾನರಿಗೆ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗ. ಗೃಹಿಣಿಗೆ 38 ವರ್ಷ. ಕತ್ತಿನಲ್ಲಿ ಕಾಣಿಸಿದ ಗಂಟಿಗಾಗಿ ಶಸ್ತ್ರಚಿಕಿತ್ಸೆಯಾಗಿದೆ. ಹತ್ತು ದಿನಗಳ ತರುವಾಯ ವರದಿ ಕೈಸೇರಿದೆ. ಅದರ ಸಾರಾಂಶ ಹೀಗಿದೆ: 'ಪ್ಯಾಪಿಲ್ಲರಿ ಕಾರ್ಸಿನೋಮಾ, ಗಾತ್ರ 1.6 ಸೆಂಟಿಮೀಟರು, ಅಂಚುಗಳು ಮುಕ್ತ, ಗ್ರಂಥಿಯ ಹೊರಗೆ ವ್ಯಾಪನೆಯಿಲ್ಲ. ಕತ್ತಿನ ಮಧ್ಯಭಾಗದ 7 ದುಗ್ಧಗ್ರಂಥಿಗಳಲ್ಲಿ 2ರಲ್ಲಿ ರೋಗವಿದೆ.' ವೈದ್ಯರನ್ನು ಕಾಣಲು ಇನ್ನೂ ಮೂರು ದಿನಗಳಿವೆ. ಯಜಮಾನರು ಊರಿನ ಅಣ್ಣನಿಗೆ ಫೋನು ಮಾಡುತ್ತಾರೆ. "ಗಂಟಿಗೆ ಹೋತಂದ್ರ ಮುಗೀತಪ್ಪಾ ತಮ್ಮಾ, ಅದು ಕಡೀ ಹಂತ" ಎಂಬ ಉತ್ತರ ಬರುತ್ತದೆ. ಹೆಂಡತಿಗೆ ಮಾತ್ರ 'ಸಾದಾ ಗಂಟು' ಎಂದು ಹೇಳಿ, ಕಾಗದವನ್ನು ಕಪಾಟಿನ ಸೀರೆಗಳ ಕೆಳಗೆ ಇಡುತ್ತಾರೆ. ಆಕೆ ಕೇಳುವುದಿಲ್ಲ, ಆದರೆ ಎಲ್ಲರ ದನಿ ಒಮ್ಮೆಲೇ ಮೃದುವಾದುದನ್ನು ಗಮನಿಸುತ್ತಾಳೆ.

ಊರಿನ ಅಣ್ಣನ ಮಾತು ಪ್ರೀತಿಯಿಂದ ಬಂದದ್ದು. ಆದರೆ ಈ ರೋಗದ ಮಟ್ಟಿಗೆ ಅದು ತಪ್ಪು. ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ಆ ವರದಿ ಹುಟ್ಟಿದ ಬಗೆಯನ್ನು ಮೊದಲು ಅರಿಯಬೇಕು.

ಗ್ರಂಥಿಯ ಪರಿಚಯ

ಥೈರಾಯ್ಡ್ ಒಂದು ನಿರ್ನಾಳ ಗ್ರಂಥಿ. ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡು ಕುಳಿತಿರುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಎಡಕ್ಕೊಂದು ಬಲಕ್ಕೊಂದು ಹಾಲೆ. ನಡುವೆ ಅವೆರಡನ್ನೂ ಕೂಡಿಸುವ ಕಿರಿದಾದ ಪಟ್ಟಿ. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ. ಇಷ್ಟು ಚಿಕ್ಕ ಅಂಗವು ಶರೀರದ ಶಾಖ, ಹೃದಯದ ಬಡಿತ, ಮಕ್ಕಳ ಬೆಳವಣಿಗೆ, ಮನಸ್ಸಿನ ಚುರುಕು ಇವೆಲ್ಲವನ್ನೂ ಅಂಕೆಯಲ್ಲಿಡುವ ಹಾರ್ಮೋನುಗಳನ್ನು ತಯಾರಿಸುತ್ತದೆ. ಆ ತಯಾರಿಕೆಗೆ ಅಯೋಡಿನ್ ಬೇಕೇ ಬೇಕು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗ್ರಂಥಿಯ ತುಂಬ ದುಂಡನೆಯ ಸಣ್ಣ ಸಣ್ಣ ಚೀಲಗಳು ಕಾಣುತ್ತವೆ. ಇವುಗಳಿಗೆ ಫಾಲಿಕಲ್ ಎಂದು ಹೆಸರು. ಚೀಲದ ಗೋಡೆ ಒಂದೇ ಸಾಲು ಜೀವಕೋಶಗಳಿಂದಾದದ್ದು. ಒಳಗೆ ಹಾರ್ಮೋನಿನ ದಾಸ್ತಾನಾಗಿರುವ ಅಂಟು ದ್ರವ. ಚೀಲಗಳ ನಡುವೆ ಅಲ್ಲಲ್ಲಿ ಸಿ-ಕೋಶಗಳೆಂಬ ಬೇರೊಂದು ಜಾತಿಯ ಕೋಶಗಳಿದ್ದು, ಅವು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಉತ್ಪಾದಿಸುತ್ತವೆ. ಕ್ಯಾನ್ಸರು ಯಾವ ಕೋಶದಿಂದ ಹುಟ್ಟಿತು ಎಂಬುದರ ಮೇಲೆಯೇ ಅದರ ಹೆಸರು, ಸ್ವಭಾವ, ಚಿಕಿತ್ಸೆ ಎಲ್ಲವೂ ನಿಂತಿರುವುದರಿಂದ ಈ ಎರಡು ಜಾತಿಗಳನ್ನು ನೆನಪಿನಲ್ಲಿಡಬೇಕು.

ಗ್ರಂಥಿ ಉಬ್ಬುವುದಕ್ಕೆ ಗಳಗಂಡವೆಂದು ಹಳೆಯ ಹೆಸರು. ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು ತಡೆಯಲು 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗವನ್ನು ಆರಂಭಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಗಳಗಂಡವೆಲ್ಲವೂ ಕ್ಯಾನ್ಸರಲ್ಲ. ಕತ್ತಿನಲ್ಲಿ ಕೈಗೆ ಸಿಗುವ ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಿರಪಾಯಕರವಾದವು. ಉಳಿದ ಕೆಲವನ್ನು ಬೇರ್ಪಡಿಸುವುದೇ ಪರೀಕ್ಷೆಗಳ ಉದ್ದೇಶ.

ಮೊದಲ ಕಾಗದ: ಸೂಜಿ ಪರೀಕ್ಷೆ

ಗಂಟಿನ ಸೋನೋಗ್ರಫಿಯಾದ ಬಳಿಕ ಅಗತ್ಯ ಕಂಡುಬಂದರೆ ವೈದ್ಯರು ಸಪೂರವಾದ ಸೂಜಿಯಿಂದ ಗಂಟಿನೊಳಗಿನ ಕೆಲವು ಕೋಶಗಳನ್ನು ಹೀರಿ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ ನೋಡುತ್ತಾರೆ. ಎಫ್.ಎನ್.ಎ.ಸಿ. ಎಂದು ಇದಕ್ಕೆ ಹೆಸರು. ಸೂಜಿ ಚುಚ್ಚಿದರೆ ಕ್ಯಾನ್ಸರು ಹರಡುತ್ತದೆಂಬ ಅಂಜಿಕೆ ಜನರಲ್ಲಿ ಬೇರೂರಿದೆ. ಈ ಪರೀಕ್ಷೆಯ ದೀರ್ಘ ಅನುಭವದಲ್ಲಿ ಅಂತಹ ಪ್ರಸಂಗ ಅತಿ ವಿರಳ. ಆ ಅಂಜಿಕೆಯಿಂದ ಪರೀಕ್ಷೆಯನ್ನು ಮುಂದೂಡುವುದರಿಂದಲೇ ಹಾನಿ ಹೆಚ್ಚು.

ಹಿಂದೆ ಒಬ್ಬೊಬ್ಬ ತಜ್ಞರು ಒಂದೊಂದು ಬಗೆಯಲ್ಲಿ ಸೂಜಿ ಪರೀಕ್ಷೆಯ ಫಲಿತಾಂಶವನ್ನು ಬರೆಯುತ್ತಿದ್ದರು. ಈ ಗೊಂದಲವನ್ನು ನೀಗಿಸಲು 2007ರಲ್ಲಿ ಅಮೆರಿಕದ ಬೆಥೆಸ್ಡಾ ಎಂಬಲ್ಲಿ ತಜ್ಞರು ಸಮಾವೇಶಗೊಂಡು ಆರು ವರ್ಗಗಳ ಒಂದು ಕ್ರಮವನ್ನು ರೂಪಿಸಿದರು. ಅದರ ಮೂರನೆಯ ಪರಿಷ್ಕರಣ 2023ರಲ್ಲಿ ಬಂದಿತು. ಭಾರತದ ಪ್ರಯೋಗಶಾಲೆಗಳೂ ಇದನ್ನೇ ಅನುಸರಿಸುತ್ತಿವೆ. ಮೊದಲನೆಯ ವರ್ಗವೆಂದರೆ ಕೋಶಗಳು ಸಾಲದೆ ನಿರ್ಣಯ ಅಸಾಧ್ಯವಾದದ್ದು. ಸಾಮಾನ್ಯವಾಗಿ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ. ಎರಡನೆಯದು ನಿರಪಾಯ. ಮೂರನೆಯದು ಅಸ್ಪಷ್ಟ. ನಾಲ್ಕನೆಯದು ಫಾಲಿಕ್ಯುಲರ್ ಗೆಡ್ಡೆ. ಐದನೆಯದು ಕ್ಯಾನ್ಸರಿನ ಬಲವಾದ ಸಂದೇಹ. ಆರನೆಯದು ಕ್ಯಾನ್ಸರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಬೆಥೆಸ್ಡಾ ನಾಲ್ಕು' ಎಂದು ಕಂಡೊಡನೆ ಕ್ಯಾನ್ಸರಿನ ನಾಲ್ಕನೆಯ ಹಂತವೆಂದು ತಿಳಿದು ಕುಸಿದು ಕುಳಿತವರುಂಟು. ಬೆಥೆಸ್ಡಾ ಸಂಖ್ಯೆಗೂ ರೋಗದ ಹಂತಕ್ಕೂ ಯಾವ ಸಂಬಂಧವೂ ಇಲ್ಲ. ಅದು ಕೇವಲ ಸಂದೇಹದ ಅಳತೆ. 2023ರ ಪರಿಷ್ಕರಣದ ಪ್ರಕಾರ, ಶಸ್ತ್ರಚಿಕಿತ್ಸೆಯ ಬಳಿಕ ಕ್ಯಾನ್ಸರೆಂದು ತಿಳಿದುಬರುವ ಸರಾಸರಿ ಸಂಭವ ಎರಡನೆಯ ವರ್ಗದಲ್ಲಿ ನೂರಕ್ಕೆ 4, ಮೂರನೆಯದರಲ್ಲಿ 22, ನಾಲ್ಕನೆಯದರಲ್ಲಿ 30, ಐದನೆಯದರಲ್ಲಿ 74, ಆರನೆಯದರಲ್ಲಿ 97. ಅಂದರೆ ನಾಲ್ಕನೆಯ ವರ್ಗದ ಹತ್ತು ಜನರಲ್ಲಿ ಏಳು ಜನರಿಗೆ ಕ್ಯಾನ್ಸರೇ ಇರುವುದಿಲ್ಲ.

ಹಾಗಾದರೆ ಸೂಜಿ ಪರೀಕ್ಷೆಯೇ ಖಚಿತವಾಗಿ ಏಕೆ ಹೇಳಬಾರದು? ಫಾಲಿಕ್ಯುಲರ್ ಗೆಡ್ಡೆಗೆ ಸುತ್ತಲೂ ಒಂದು ಕವಚವಿರುತ್ತದೆ. ಗೆಡ್ಡೆಯ ಕೋಶಗಳು ಆ ಕವಚವನ್ನು ಭೇದಿಸಿ ಹೊರಬಂದಿದ್ದರೆ, ಇಲ್ಲವೆ ರಕ್ತನಾಳವನ್ನು ಹೊಕ್ಕಿದ್ದರೆ ಅದು ಕ್ಯಾನ್ಸರು, ಇಲ್ಲವಾದರೆ ನಿರಪಾಯ. ಎರಡರಲ್ಲಿಯೂ ಕೋಶಗಳ ರೂಪ ಒಂದೇ. ಹೊಲದ ನಡುವಿನಿಂದ ತಂದ ಒಂದು ಹಿಡಿ ಮಣ್ಣನ್ನು ನೋಡಿ ಹೊಲದ ಬೇಲಿ ಎಲ್ಲಿಯಾದರೂ ಮುರಿದಿದೆಯೇ ಎಂದು ಹೇಳಲಾಗುವುದೇ? ಬೇಲಿಯ ಸುತ್ತ ಪೂರ್ತಿ ನಡೆದು ನೋಡಬೇಕು. ಅದಕ್ಕಾಗಿಯೇ ಗಂಟಿರುವ ಹಾಲೆಯನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಎರಡನೆಯ ಕಾಗದ ಹುಟ್ಟುವ ಬಗೆ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗ್ರಂಥಿಯನ್ನು ಫಾರ್ಮಾಲಿನ್ ದ್ರಾವಣದಲ್ಲಿ ಮುಳುಗಿಸಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಂಗಾಂಶ ಕೊಳೆಯದೆ ಗಟ್ಟಿಯಾಗಲು ಒಂದು ದಿನವಾದರೂ ಬೇಕು. ಬಳಿಕ ತಜ್ಞರು ಅದನ್ನು ತೂಗಿ, ಅಳೆದು, ಹೊರ ಅಂಚುಗಳಿಗೆ ಬಣ್ಣ ಹಚ್ಚಿ, ಹೋಳುಗಳಾಗಿ ಕತ್ತರಿಸಿ, ಬರಿಗಣ್ಣಿಗೆ ಕಂಡುದನ್ನು ಬರೆದಿಡುತ್ತಾರೆ. ವರದಿಯಲ್ಲಿ 'ಗ್ರಾಸ್' ಎಂಬ ತಲೆಬರಹದ ಕೆಳಗಿರುವುದು ಈ ಭಾಗ. ಆಯ್ದ ಹೋಳುಗಳನ್ನು ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಅಚ್ಚುಗಳನ್ನು ಮಾಡುತ್ತಾರೆ, ಇವೇ 'ಬ್ಲಾಕು'ಗಳು. ಆ ಅಚ್ಚಿನಿಂದ ಒಂದು ಮಿಲಿಮೀಟರಿನ ಸಾವಿರದ ನಾಲ್ಕೈದು ಪಾಲಿನಷ್ಟು ತೆಳುವಾದ ಪದರಗಳನ್ನು ಸೀಳಿ, ಗಾಜಿನ ಮೇಲೆ ಕೂರಿಸಿ, ನೀಲಿ ಮತ್ತು ಗುಲಾಬಿ ಬಣ್ಣಗಳನ್ನು ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಪರಿಶೀಲಿಸುತ್ತಾರೆ. ಸಂದೇಹ ಬಂದರೆ ಇನ್ನಷ್ಟು ಹೋಳುಗಳು, ವಿಶೇಷ ಬಣ್ಣಗಳು ಬೇಕಾಗುತ್ತವೆ. ವರದಿ ತಡವಾಯಿತೆಂದರೆ ರೋಗ ಘೋರವಾಗಿದೆಯೆಂದು ಅರ್ಥವಲ್ಲ; ಕೆಲಸ ಎಚ್ಚರಿಕೆಯಿಂದ ನಡೆಯುತ್ತಿದೆ ಎಂದೂ ಆಗಬಹುದು.

ಹೆಸರೊಂದು, ಸ್ವಭಾವ ಹಲವು

ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ಕ್ಯಾನ್ಸರಿನ ಜಾತಿಯನ್ನು.

ಥೈರಾಯ್ಡ್ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಎಂಬತ್ತರಷ್ಟು ಪ್ಯಾಪಿಲ್ಲರಿ ಜಾತಿಯವು. ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಇದನ್ನು ಗುರುತಿಸುವುದು ಕೋಶಕೇಂದ್ರದ ರೂಪದಿಂದ: ಕೇಂದ್ರಗಳು ದೊಡ್ಡದಾಗಿ, ತಿಳಿಯಾಗಿ, ಒಂದರ ಮೇಲೊಂದು ಒತ್ತಿಕೊಂಡಿದ್ದು, ಕಾಫಿಬೀಜದ ನಡುವಿನ ಸೀಳಿನಂತಹ ಗೆರೆಯನ್ನು ಹೊಂದಿರುತ್ತವೆ. ಕೆಲವೆಡೆ ಮರಳಿನ ಕಣದಂತಹ ಸುಣ್ಣದ ಗುಂಡುಗಳೂ ಕಾಣುತ್ತವೆ. ಇದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ದುಗ್ಧಗ್ರಂಥಿಗಳಿಗೆ ಹೋಗುವ ಚಾಳಿಯುಂಟು. ಆದರೂ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಇದರಲ್ಲಿಯೂ ಒಳಭೇದಗಳಿವೆ. 'ಟಾಲ್ ಸೆಲ್', 'ಹಾಬ್‌ನೇಲ್', 'ಕಾಲಮ್ನರ್' ಎಂಬ ಪದಗಳಿದ್ದರೆ ರೋಗ ಸ್ವಲ್ಪ ಒರಟು ಸ್ವಭಾವದ್ದೆಂದು ತಿಳಿದು ವೈದ್ಯರು ಹೆಚ್ಚಿನ ನಿಗಾ ಇಡುತ್ತಾರೆ.

ಎರಡನೆಯದು ಫಾಲಿಕ್ಯುಲರ್. ಇದು ದುಗ್ಧಗ್ರಂಥಿಗಳಿಗಿಂತ ರಕ್ತನಾಳಗಳ ದಾರಿಯನ್ನೇ ಹಿಡಿಯುತ್ತದೆ. ಹೋದರೆ ಶ್ವಾಸಕೋಶಕ್ಕೂ ಮೂಳೆಗೂ ಹೋಗುತ್ತದೆ. ಆದ್ದರಿಂದ ಇಲ್ಲಿ ಮುಖ್ಯವಾದ ಪ್ರಶ್ನೆ: ಕವಚವನ್ನು ಮಾತ್ರ ಭೇದಿಸಿದೆಯೋ, ರಕ್ತನಾಳಗಳನ್ನೂ ಹೊಕ್ಕಿದೆಯೋ, ಹೊಕ್ಕಿದ್ದರೆ ಎಷ್ಟು ನಾಳಗಳನ್ನು? ನಾಲ್ಕಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದನ್ನು ತಜ್ಞರು ಎಣಿಸಿ ಬರೆಯುತ್ತಾರೆ. ಇದಕ್ಕೆ ಸಮೀಪದ ಮತ್ತೊಂದು ಜಾತಿ ಆಂಕೋಸೈಟಿಕ್. ಹಳೆಯ ವರದಿಗಳಲ್ಲಿ ಹರ್ಥ್ಲೆ ಕೋಶದ ಕ್ಯಾನ್ಸರೆಂದು ಕಾಣುವುದು ಇದೇ.

ಮೂರನೆಯದು ಮೆಡ್ಯುಲ್ಲರಿ. ಇದು ಸಿ-ಕೋಶಗಳಿಂದ ಹುಟ್ಟಿದ್ದರಿಂದ ಅಯೋಡಿನನ್ನು ಹೀರುವುದಿಲ್ಲ. ವಿಕಿರಣ ಅಯೋಡಿನ್ ಚಿಕಿತ್ಸೆ ಇದಕ್ಕೆ ನಾಟುವುದಿಲ್ಲ. ರಕ್ತದಲ್ಲಿನ ಕ್ಯಾಲ್ಸಿಟೋನಿನ್ ಪ್ರಮಾಣದಿಂದ ಇದರ ಜಾಡನ್ನು ಹಿಡಿಯುತ್ತಾರೆ. ನಾಲ್ವರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಇದು ವಂಶಪಾರಂಪರ್ಯವಾಗಿ, ರೆಟ್ ಎಂಬ ಜೀನಿನ ದೋಷದಿಂದ ಬಂದಿರುತ್ತದೆ. ಅಂತಹವರ ಪ್ರತಿಯೊಂದು ಮಗುವಿಗೂ ಆ ದೋಷ ದಾಟುವ ಸಂಭವ ಅರ್ಧಕ್ಕರ್ಧ. ಆದುದರಿಂದ ವರದಿಯಲ್ಲಿ ಈ ಹೆಸರು ಬಂದರೆ ಜೀನ್ ಪರೀಕ್ಷೆ ಮಾಡಿಸತಕ್ಕದ್ದು. ದೋಷ ಕಂಡುಬಂದರೆ ಊರಿನಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರಿಗೂ ತಿಳಿಸತಕ್ಕದ್ದು. ಮನೆತನದ ಮರ್ಯಾದೆ, ಹೆಣ್ಣುಮಕ್ಕಳ ಮದುವೆ ಎಂದು ಇದನ್ನು ಮುಚ್ಚಿಟ್ಟರೆ, ಮುಂಚಿತವಾಗಿ ತಡೆಯಬಹುದಾಗಿದ್ದ ರೋಗವು ಮುಂದಿನ ತಲೆಮಾರಿಗೆ ಬರುತ್ತದೆ.

ನಾಲ್ಕನೆಯದು ಅನಾಪ್ಲಾಸ್ಟಿಕ್. ಹೆಚ್ಚಾಗಿ ಅರವತ್ತು ದಾಟಿದವರಲ್ಲಿ ಬರುವ, ವಾರಗಳಲ್ಲಿಯೇ ಬೆಳೆಯುವ, ಬಹು ಉಗ್ರವಾದ ಜಾತಿ. ಸಮಾಧಾನವೆಂದರೆ ಇದು ತೀರ ಅಪರೂಪ. ನೂರರಲ್ಲಿ ಒಂದೆರಡು ಮಾತ್ರ. ವೃದ್ಧರ ಕತ್ತಿನ ಹಳೆಯ ಗಂಟು ಹಠಾತ್ತನೆ ದೊಡ್ಡದಾಗಿ ದನಿ ಒಡೆದರೆ ಒಂದು ದಿನವೂ ತಡಮಾಡಬಾರದು.

ಪ್ಯಾಪಿಲ್ಲರಿಗೂ ಅನಾಪ್ಲಾಸ್ಟಿಕ್‌ಗೂ ಇರುವ ಅಂತರ ಕೇರೆಹಾವಿಗೂ ನಾಗರಹಾವಿಗೂ ಇರುವಷ್ಟು. ಎರಡನ್ನೂ 'ಹಾವು' ಎಂದೇ ಕರೆಯುತ್ತಾರೆ. 'ಕ್ಯಾನ್ಸರು' ಎಂಬ ಒಂದೇ ಪದವನ್ನು ಹಿಡಿದು ಕುಳಿತರೆ ಈ ಭೇದ ಕಾಣದೆ ಹೋಗುತ್ತದೆ.

ವರದಿಯ ಉಳಿದ ಮಾತುಗಳು

ಗಾತ್ರ: ಸೆಂಟಿಮೀಟರಿನಲ್ಲಿ ಬರೆದಿರುತ್ತದೆ. 2 ಸೆಂಟಿಮೀಟರಿನವರೆಗಿನದು ಟಿ-1, 2ರಿಂದ 4ರವರೆಗೆ ಟಿ-2, ಗ್ರಂಥಿಯೊಳಗೇ ಇದ್ದು 4ನ್ನು ಮೀರಿದ್ದು ಟಿ-3. ಟಿ-1ರಲ್ಲಿ 1 ಸೆಂಟಿಮೀಟರಿನವರೆಗಿನದು 'ಎ', ಮೇಲಿನದು 'ಬಿ'.

ಬಹುಕೇಂದ್ರ: 'ಮಲ್ಟಿಫೋಕಲ್' ಎಂದಿದ್ದರೆ ಗ್ರಂಥಿಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಗೆಡ್ಡೆಗಳಿವೆ. ಪ್ಯಾಪಿಲ್ಲರಿ ಜಾತಿಯಲ್ಲಿ ಇದು ಅಪರೂಪವಲ್ಲ.

ಅಂಚು: ತೆಗೆದ ಅಂಗಾಂಶದ ಹೊರ ಅಂಚಿನವರೆಗೆ ಗೆಡ್ಡೆ ಬಂದಿದೆಯೇ ಎಂಬ ವಿಚಾರ. 'ಮುಕ್ತ' ಎಂದಿದ್ದರೆ ಶುಭ.

ಗ್ರಂಥಿಯ ಹೊರಗಿನ ವ್ಯಾಪನೆ: ಶಸ್ತ್ರವೈದ್ಯರ ಕಣ್ಣಿಗೇ ಕಾಣುವಂತೆ ಸುತ್ತಲಿನ ಸ್ನಾಯು, ಶ್ವಾಸನಾಳ, ಧ್ವನಿಯ ನರಗಳಿಗೆ ಹಬ್ಬಿದ್ದರೆ ಮಹತ್ವದ್ದು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಅತ್ಯಲ್ಪ ವ್ಯಾಪನೆಯು ಈಗಿನ ನಿಯಮದಂತೆ ಟಿ ವರ್ಗವನ್ನು ಏರಿಸುವುದಿಲ್ಲ.

ದುಗ್ಧಗ್ರಂಥಿಗಳು: ಎಷ್ಟನ್ನು ನೋಡಿದರು, ಎಷ್ಟರಲ್ಲಿ ರೋಗವಿತ್ತು, ಅಲ್ಲಿಯ ರೋಗದ ಗಾತ್ರವೆಷ್ಟು, ದುಗ್ಧಗ್ರಂಥಿಯ ಕವಚವನ್ನು ಮೀರಿದೆಯೇ ಎಂಬ ನಾಲ್ಕು ವಿಷಯಗಳಿರಬೇಕು. ಕತ್ತಿನ ಮಧ್ಯಭಾಗದವಾದರೆ ಎನ್-1ಎ, ಪಕ್ಕದವಾದರೆ ಎನ್-1ಬಿ.

ಪ್ಯಾರಾಥೈರಾಯ್ಡ್: ಥೈರಾಯ್ಡಿನ ಬೆನ್ನಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದ ಸುಣ್ಣಾಂಶವನ್ನು ಕಾಯುವುದು ಅವುಗಳ ಕೆಲಸ. ವರದಿಯಲ್ಲಿ ಇವುಗಳ ಪ್ರಸ್ತಾಪವಿದ್ದರೆ, ತೆಗೆದ ಅಂಗಾಂಶದೊಂದಿಗೆ ಒಂದು ಹೊರಬಂದಿದೆಯೆಂದು ಅರ್ಥ. ತುಟಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮುಗುಡುವಿಕೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಹಶಿಮೋಟೋ: ಜಪಾನಿನ ವೈದ್ಯ ಹಕಾರು ಹಶಿಮೋಟೋ 1912ರಲ್ಲಿ ವರ್ಣಿಸಿದ ಥೈರಾಯ್ಡ್ ಉರಿಯೂತವಿದು. ಕ್ಯಾನ್ಸರಿನ ಜೊತೆಗೆ ಹಲವು ಬಾರಿ ಕಾಣುತ್ತದೆ. ಅದೇ ಒಂದು ಕ್ಯಾನ್ಸರಲ್ಲ.

ಹಂತದ ನಿರ್ಣಯದಲ್ಲಿ ವಯಸ್ಸಿನ ಪಾತ್ರ

ಹೆಚ್ಚಿನ ಕ್ಯಾನ್ಸರುಗಳಲ್ಲಿ ಹಂತವನ್ನು ನಿರ್ಧರಿಸುವಾಗ ರೋಗಿಯ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಯಾಪಿಲ್ಲರಿ ಮತ್ತು ಫಾಲಿಕ್ಯುಲರ್ ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಮಾತ್ರ ವಯಸ್ಸೇ ಮೊದಲ ಪ್ರಶ್ನೆ. ಚಿಕ್ಕ ವಯಸ್ಸಿನಲ್ಲಿ ಇವು ದುಗ್ಧಗ್ರಂಥಿಗಳಿಗೆ ಹೋದರೂ ಪ್ರಾಣಕ್ಕೆ ಎರವಾಗುವುದು ತೀರ ಕಡಿಮೆಯೆಂದು ದಶಕಗಳ ಅನುಭವ ತೋರಿಸಿದೆ. 2018ರಿಂದ ಬಳಕೆಯಲ್ಲಿರುವ ಎಂಟನೆಯ ಆವೃತ್ತಿಯ ನಿಯಮದ ಪ್ರಕಾರ ಗಡಿ 55 ವರ್ಷ. ಅದಕ್ಕೂ ಮೊದಲು 45 ಇತ್ತು. 55 ತುಂಬದವರಲ್ಲಿ ಇರುವುದು ಎರಡೇ ಹಂತ. ಶ್ವಾಸಕೋಶ, ಮೂಳೆ ಮುಂತಾದ ದೂರದ ಅಂಗಗಳಿಗೆ ಹೋಗದಿದ್ದರೆ, ಗೆಡ್ಡೆ ಎಷ್ಟೇ ದೊಡ್ಡದಿರಲಿ, ದುಗ್ಧಗ್ರಂಥಿಗಳಲ್ಲಿ ರೋಗವಿರಲಿ ಇಲ್ಲದಿರಲಿ, ಮೊದಲನೆಯ ಹಂತ. ಹೋಗಿದ್ದರೆ ಎರಡನೆಯದು. ಮೂರು ಮತ್ತು ನಾಲ್ಕನೆಯ ಹಂತಗಳು ಅವರಿಗೆ ಇಲ್ಲವೇ ಇಲ್ಲ.

ಈಗ ಕೊಥ್ರೂಡಿನ ಆ ಮನೆಯ ಕಾಗದವನ್ನು ಮತ್ತೆ ತೆರೆಯಬಹುದು. ಜಾತಿ ಪ್ಯಾಪಿಲ್ಲರಿ. 1.6 ಸೆಂಟಿಮೀಟರು, ಅಂದರೆ ಟಿ-1ಬಿ. ಮಧ್ಯಭಾಗದ ಎರಡು ದುಗ್ಧಗ್ರಂಥಿಗಳು, ಅಂದರೆ ಎನ್-1ಎ. ದೂರದ ವ್ಯಾಪನೆಯ ಲಕ್ಷಣವಿಲ್ಲ. ವಯಸ್ಸು 38. ಹಂತ: ಒಂದು. ಈ ವಯೋಮಾನದ ಮೊದಲನೆಯ ಹಂತದವರಲ್ಲಿ ಹತ್ತು ವರ್ಷಗಳ ತರುವಾಯ ನೂರಕ್ಕೆ 98 ಅಥವಾ ಅದಕ್ಕೂ ಹೆಚ್ಚು ಜನ ಈ ರೋಗಕ್ಕೆ ಬಲಿಯಾಗದೆ ಇರುತ್ತಾರೆ. ಊರಿನ ಅಣ್ಣ ಹೇಳಿದ ಕಡೆಯ ಹಂತವು ವಾಸ್ತವದಲ್ಲಿ ಮೊದಲನೆಯ ಹಂತವಾಗಿದೆ.

ಹಾಗೆಂದು ಉದಾಸೀನ ಸಲ್ಲದು. ಹಂತ ಹೇಳುವುದು ಪ್ರಾಣಾಪಾಯದ ಮಾತನ್ನು. ರೋಗ ಕತ್ತಿನಲ್ಲಿ ಮರುಕಳಿಸುವ ಸಂಭವ ಬೇರೆ ಲೆಕ್ಕ. ಅದನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ವೈದ್ಯರು ಬೇರೆಯಾಗಿಯೇ ಅಳೆಯುತ್ತಾರೆ. ಮುಂದಿನ ಚಿಕಿತ್ಸೆ ಮತ್ತು ತಪಾಸಣೆಯ ಕ್ರಮ ನಿಂತಿರುವುದು ಇದರ ಮೇಲೆ.

ಹೆಸರು ಬದಲಾದ ಒಂದು ಗೆಡ್ಡೆ

ಪದಗಳಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ 2016ರ ಒಂದು ಸಂಗತಿ ಸಾಕ್ಷಿ. ಪೂರ್ತಿ ಕವಚದೊಳಗೇ ಉಳಿದ, ಎಲ್ಲಿಯೂ ಭೇದಿಸಿ ಹೊರಬರದ ಒಂದು ಬಗೆಯ ಗೆಡ್ಡೆಯನ್ನು ಅಲ್ಲಿಯವರೆಗೆ ಪ್ಯಾಪಿಲ್ಲರಿ ಕ್ಯಾನ್ಸರಿನ ಒಳಭೇದವೆಂದೇ ಕರೆಯುತ್ತಿದ್ದರು. ಹಲವು ದೇಶಗಳ ತಜ್ಞರು ಕೂಡಿ ಇಂತಹ ಗೆಡ್ಡೆಗಳ ರೋಗಿಗಳ ದೀರ್ಘಕಾಲದ ದಾಖಲೆಗಳನ್ನು ಪರಿಶೀಲಿಸಿ, ಅದರ ಹೆಸರಿನಿಂದ 'ಕಾರ್ಸಿನೋಮಾ' ಎಂಬ ಪದವನ್ನೇ ಕಿತ್ತುಹಾಕಿದರು. ಈಗ ವರದಿಯಲ್ಲಿ 'ನಿಫ್ಟ್‌ಪಿ' ಎಂದು ಕಂಡರೆ ಅದು ಕ್ಯಾನ್ಸರಲ್ಲ.

ಇದಕ್ಕೆ ಪ್ರೇರಣೆಯಾದ ಒಂದು ದೊಡ್ಡ ಚಿಂತೆಯಿದೆ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣಾ ಯೋಜನೆ ಆರಂಭವಾದ ಮೇಲೆ ಆರೋಗ್ಯವಂತರೂ ಕತ್ತಿನ ಸೋನೋಗ್ರಫಿ ಮಾಡಿಸಿಕೊಳ್ಳತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿದ್ದುದರ ಹದಿನೈದು ಪಟ್ಟಾಯಿತು. ಆದರೆ ಅದರಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲಿಲ್ಲ. ಎಂದಿಗೂ ತೊಂದರೆ ಕೊಡದ ಸಣ್ಣ ಗೆಡ್ಡೆಗಳನ್ನು ಹುಡುಕಿ ಹುಡುಕಿ ತೆಗೆದಂತಾಯಿತು. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ 1993ರಿಂದಲೇ, 1 ಸೆಂಟಿಮೀಟರಿನೊಳಗಿನ ಅಪಾಯರಹಿತ ಪ್ಯಾಪಿಲ್ಲರಿ ಗೆಡ್ಡೆಗಳನ್ನು ಕತ್ತರಿಸದೆ ಕಾಲಕಾಲಕ್ಕೆ ನೋಡುತ್ತಿರುವ ಕ್ರಮ ನಡೆದುಬಂದಿದೆ. ಆದುದರಿಂದ ಲಕ್ಷಣಗಳಾಗಲಿ ಮನೆತನದ ಇತಿಹಾಸವಾಗಲಿ ಇಲ್ಲದವರು 'ಒಮ್ಮೆ ನೋಡಿಬಿಡೋಣ' ಎಂದು ಕತ್ತಿನ ಸೋನೋಗ್ರಫಿಗೆ ಹೋಗುವ ಅಗತ್ಯವಿಲ್ಲ. ಕೈಗೆ ಸಿಗುವ ಗಂಟು, ಬದಲಾದ ದನಿ, ನುಂಗಲು ತೊಂದರೆ, ಬಾಲ್ಯದಲ್ಲಿ ಕತ್ತಿಗೆ ವಿಕಿರಣ ತಗುಲಿದ ಇತಿಹಾಸ ಇವುಗಳಿದ್ದರೆ ಮಾತ್ರ ತಪಾಸಣೆ ಅವಶ್ಯ.

ಮುಂದಿನ ದಾರಿ

ವರದಿಯ ಆಧಾರದ ಮೇಲೆ ಕೆಲವರಿಗೆ ಒಂದೇ ಹಾಲೆಯನ್ನು ತೆಗೆದರೆ ಸಾಕಾಗುತ್ತದೆ. ಕೆಲವರಿಗೆ ಇಡೀ ಗ್ರಂಥಿಯನ್ನು ತೆಗೆಯಬೇಕಾಗುತ್ತದೆ. ಕೆಲವರಿಗೆ ಮಾತ್ರ ವಿಕಿರಣ ಅಯೋಡಿನ್ ಬೇಕು. ಥೈರಾಯ್ಡ್ ಕೋಶಗಳಿಗೆ ಅಯೋಡಿನ್ ಮೇಲಿರುವ ಸಹಜ ಹಸಿವನ್ನೇ ಬಳಸಿಕೊಳ್ಳುವ ಚತುರ ಉಪಾಯವಿದು. ನುಂಗಿದ ಅಯೋಡಿನ್-131 ಉಳಿದ ಥೈರಾಯ್ಡ್ ಕೋಶಗಳನ್ನು ಹುಡುಕಿಕೊಂಡು ಹೋಗಿ ಒಳಗಿನಿಂದಲೇ ನಾಶಪಡಿಸುತ್ತದೆ. ಅದರ ಶಕ್ತಿ ಪ್ರತಿ ಎಂಟು ದಿನಕ್ಕೆ ಅರ್ಧವಾಗುತ್ತದೆ. ಹೆಚ್ಚಿನ ಪ್ರಮಾಣವನ್ನು ಕೊಟ್ಟಾಗ ರೋಗಿಯನ್ನು ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇಡುತ್ತಾರೆ. ಗರ್ಭಿಣಿಯರಿಗೆ ಇದನ್ನು ಕೊಡಲೇಬಾರದು. ಹಾಲೂಡುವ ತಾಯಂದಿರು ಮುಂಚಿತವಾಗಿ ತಿಳಿಸತಕ್ಕದ್ದು. ಮುಂಬಯಿಯ ಪರೇಲಿನಲ್ಲಿ ಭಾಭಾ ಅಣುಸಂಶೋಧನ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರವು 1963ರಿಂದ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದೆ. ಈಗ ಪುಣೆಯಲ್ಲಿಯೂ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳುಂಟು.

ಗ್ರಂಥಿ ಪೂರ್ತಿ ಹೋದವರು ಥೈರಾಕ್ಸಿನ್ ಮಾತ್ರೆಯನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು. ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆಯ ತರುವಾಯ ಚಹಾ, ತಿಂಡಿ. ಸುಣ್ಣದ ಮಾತ್ರೆ, ಕಬ್ಬಿಣದ ಮಾತ್ರೆಗಳನ್ನು ಇದರಿಂದ ನಾಲ್ಕು ಗಂಟೆ ದೂರವಿಡಬೇಕು. ಗರ್ಭ ನಿಂತ ಕೂಡಲೇ ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸಬೇಕು, ನಿಲ್ಲಿಸಬಾರದು.

ಮನೆಯವರು ಮಾಡಬೇಕಾದದ್ದು

ವೈದ್ಯರ ಬಳಿಗೆ ಹೋಗುವ ಮುನ್ನ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಜಾತಿ ಯಾವುದು, ಒರಟು ಒಳಭೇದವೇ? ಅಂಚು ಮುಕ್ತವೇ? ರಕ್ತನಾಳಗಳನ್ನು ಹೊಕ್ಕಿದೆಯೇ? ಹಂತ ಯಾವುದು, ಮರುಕಳಿಸುವ ಸಂಭವ ಎಷ್ಟು? ವಿಕಿರಣ ಅಯೋಡಿನ್ ಬೇಕೇ, ಬೇಕಾದರೆ ಏಕೆ, ಬೇಡವಾದರೆ ಏಕೆ? ಮುಂದಿನ ತಪಾಸಣೆ ಯಾವಾಗ? ವೈದ್ಯರು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತನಾಡಬಹುದು. ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಹಿರಿಯರಿದ್ದರೆ, ಎರಡೂ ಭಾಷೆ ತಿಳಿದ ನೆರೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಮೇಲು. ಪರಊರಿನಲ್ಲಿ ಒಬ್ಬರಿಗೊಬ್ಬರು ಆಗುವುದೆಂದರೆ ಇದೇ.

ಸಂದೇಹವಿದ್ದರೆ ಎರಡನೆಯ ಅಭಿಪ್ರಾಯ ಕೇಳುವುದು ಅವಿನಯವಲ್ಲ. ಗಾಜಿನ ಪಟ್ಟಿಗಳನ್ನೂ ಮೇಣದ ಅಚ್ಚುಗಳನ್ನೂ ಪ್ರಯೋಗಶಾಲೆಯಿಂದ ಕೇಳಿ ಪಡೆದು ಬೇರೆ ತಜ್ಞರಿಗೆ ತೋರಿಸಬಹುದು. 1941ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಪುಣೆಯಿಂದ ಕೆಲವೇ ಗಂಟೆಗಳ ದಾರಿ. ಅಚ್ಚುಗಳನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಮೇಣ ಕರಗಿದರೆ ಸಾಕ್ಷ್ಯವೇ ಕೆಡಬಹುದು. ಮೂಲ ವರದಿಯನ್ನು ಜೋಪಾನವಾಗಿಟ್ಟು ಪ್ರತಿಗಳನ್ನು ಮಾತ್ರ ಕೊಡಬೇಕು. ಹತ್ತು ವರ್ಷಗಳ ತರುವಾಯ ಊರಿಗೆ ಹಿಂದಿರುಗಿ ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ತಪಾಸಣೆ ಮಾಡಿಸಿಕೊಳ್ಳುವಾಗಲೂ ಆ ಕಾಗದ ಬೇಕಾಗುತ್ತದೆ.

ಕೊನೆಯದಾಗಿ, ವರದಿಯನ್ನು ರೋಗಿಯಿಂದ ಮುಚ್ಚಿಡುವ ಪದ್ಧತಿ. ಪ್ರೀತಿಯಿಂದ ಮಾಡುವ ಈ ಕೆಲಸ ರೋಗಿಯನ್ನು ಒಂಟಿಯಾಗಿಸುತ್ತದೆ. ಜೀವನಪರ್ಯಂತ ಮಾತ್ರೆ ನುಂಗಬೇಕಾದವಳು, ವರ್ಷ ವರ್ಷ ತಪಾಸಣೆಗೆ ಹೋಗಬೇಕಾದವಳು ತನಗೇನಾಗಿದೆಯೆಂದು ತಿಳಿಯದೆ ಅದನ್ನೆಲ್ಲ ಹೇಗೆ ಮಾಡಿಯಾಳು? 'ಸಾದಾ ಗಂಟು' ಎಂದು ನಂಬಿದವಳು ಎರಡು ವರ್ಷದಲ್ಲಿ ಮಾತ್ರೆಯನ್ನು ಬಿಟ್ಟುಬಿಡುತ್ತಾಳೆ. ನಂಬದವಳು ನಿಜಕ್ಕಿಂತ ಭೀಕರವಾದುದನ್ನು ಕತ್ತಲೆಯಲ್ಲಿ ಒಬ್ಬಳೇ ಊಹಿಸಿಕೊಳ್ಳುತ್ತಾಳೆ.

ಕೊಥ್ರೂಡಿನ ಆ ಗೃಹಿಣಿ ಮೂರನೆಯ ದಿನ ಬೆಳಗ್ಗೆ ಕೇಳಬಹುದಾದ ಮಾತು ಇಷ್ಟೇ: "ನನಗ ಏನಾಗೇತಿ ಅನ್ನೂದು ನನಗ ಹೇಳ್ರಿ." ಆಗ ಸೀರೆಗಳ ಕೆಳಗಿನ ಕಾಗದವನ್ನು ಹೊರತೆಗೆದು, ಇಬ್ಬರೂ ಕೂಡಿ ಕುಳಿತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು. ಅದರಲ್ಲಿ 'ಕಾರ್ಸಿನೋಮಾ' ಎಂಬ ಪದವಿದೆ, ನಿಜ. ಜೊತೆಗೆ 'ಅಂಚುಗಳು ಮುಕ್ತ' ಎಂಬ ಮಾತೂ ಇದೆ.